ಬೆಂಗಳೂರಿನಿಂದ ಜರ್ಮನಿಗೆ ಇಬ್ಬರು ಚಿಕ್ಕ ಮಕ್ಕಳೊಂದಿಗೆ: ವಿಮಾನದಲ್ಲಿ ಊಟಕ್ಕೆ ಏನು ಮಾಡಬೇಕು?

ಪ್ರಶ್ನೆ: ದಾವಣಗೆರೆಯ ತಾಯಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಹ್ಯಾಂಬರ್ಗ್‌ಗೆ ಹೋಗುತ್ತಿದ್ದೇನೆ. ಯಜಮಾನರು ಈಗಾಗಲೇ ಅಲ್ಲಿದ್ದಾರೆ. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಹನ್ನೊಂದು ತಿಂಗಳು. ಜೊತೆಗೆ ಬೇರೆ ಯಾರೂ ದೊಡ್ಡವರಿಲ್ಲ. ಮಗಳಿಗೆ ಸ್ವಂತ ಸೀಟು ಇದೆ, ಮಗ ನನ್ನ ಮಡಿಲಲ್ಲಿ.

ವಿಮಾನ ಹೊರಡುವುದು ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ. ದಾವಣಗೆರೆಯಿಂದ ಕಾರಿನಲ್ಲಿ ಮಧ್ಯಾಹ್ನವೇ ಹೊರಟುಬಿಡುತ್ತೇವೆ. ಹ್ಯಾಂಬರ್ಗ್ ಮನೆ ಮುಟ್ಟುವವರೆಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದು ದಿನ ಮಕ್ಕಳು ಮನೆಯ ಒಲೆಯಿಂದ ದೂರ ಇರುತ್ತಾರೆ. ನನ್ನ ಚಿಂತೆ ಅಲ್ಲಿಂದಲೇ ಶುರು.

ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ. ವಿಮಾನ ಸಂಸ್ಥೆಯ ಜಾಲತಾಣದಲ್ಲಿ ವಿಶೇಷ ಊಟದ ಉದ್ದ ಪಟ್ಟಿ ಇದೆ: ಮಕ್ಕಳ ಊಟ, ಶಿಶು ಆಹಾರ, ಹಿಂದೂ ಸಸ್ಯಾಹಾರ, ಜೈನ ಊಟ, ಹಣ್ಣಿನ ತಟ್ಟೆ, ಹೀಗೆ. ಆದರೆ ಒಬ್ಬರಿಗೆ ಒಂದನ್ನು ಮಾತ್ರ ಆರಿಸಲು ಬಿಡುತ್ತದೆ. ಮಗಳಿಗೆ ಮಕ್ಕಳ ಊಟ ಆರಿಸಿದರೆ ಅದರಲ್ಲಿ ಮಾಂಸ ಇರುತ್ತದೆಯೇ? ಹಿಂದೂ ಸಸ್ಯಾಹಾರ ಆರಿಸಿದರೆ ಖಾರ ಇರುತ್ತದೆಯೇ? ಸಾರಿನಲ್ಲಿ ಒಂದು ಮೆಣಸಿನಕಾಳು ಸಿಕ್ಕಿದರೂ ತಟ್ಟೆಯನ್ನೇ ದೂರ ತಳ್ಳುವ ಹುಡುಗಿ ಅವಳು. ಮೊಸರನ್ನ, ತುಪ್ಪ ಸಕ್ಕರೆ ಸವರಿದ ಚಪಾತಿ, ಇಡ್ಲಿ ಇದ್ದರೆ ಮಾತನಾಡದೆ ತಿನ್ನುತ್ತಾಳೆ.

ಮಗನಿಗೆ ಬೆಳಿಗ್ಗೆ ಸಂಜೆ ರಾಗಿ ಸರಿ, ಮಧ್ಯಾಹ್ನ ಮೆತ್ತಗಿನ ಅನ್ನ ಬೇಳೆ. ಎದೆಹಾಲು ಇದೆ, ರಾತ್ರಿ ಒಮ್ಮೆ ಪುಡಿ ಹಾಲೂ ಬೇಕು. ರಾಗಿ ಸರಿ ಪುಡಿ ಒಯ್ದರೆ ವಿಮಾನದಲ್ಲಿ ಬಿಸಿನೀರು ಕೇಳಿ ಕಲಸಬಹುದೇ?

ಅತ್ತೆಯವರು ಡಬ್ಬಿ ತುಂಬ ಮೊಸರನ್ನ ಕಟ್ಟಿಕೊಡುತ್ತೇನೆ ಎನ್ನುತ್ತಿದ್ದಾರೆ. ತಪಾಸಣೆಯಲ್ಲಿ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕುತ್ತಾರೆ ಎಂದು ತಮ್ಮ ಹೆದರಿಸುತ್ತಿದ್ದಾನೆ. ಚಿಕ್ಕ ಮಕ್ಕಳೊಂದಿಗೆ ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಮ್ಯೂನಿಕ್‌ನಲ್ಲಿರುವ ಸಾಗರದವಳು

ತಂಗಿ, ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಮಗಳಿಗೆ ಮಕ್ಕಳ ಊಟ ಬೇಡ. ಹಿಂದೂ ಸಸ್ಯಾಹಾರವನ್ನೇ ಆರಿಸಿ. ಅವಳ ಹೊಟ್ಟೆ ತುಂಬಿಸುವ ಊಟವನ್ನು ನಿಮ್ಮ ಕೈಚೀಲದಲ್ಲಿ ಇಟ್ಟುಕೊಳ್ಳಿ. ವಿಮಾನದ ತಟ್ಟೆಯಿಂದ ಸಿಕ್ಕಿದ್ದು ಸಿಕ್ಕಿತು ಎಂದುಕೊಂಡು ಹತ್ತಿದರೆ ಅರ್ಧ ಆತಂಕ ಇಳಿಯುತ್ತದೆ.

ಕಾರಣ ಇದು. ಮಕ್ಕಳ ಊಟ ಎಂಬುದು ವಯಸ್ಸಿಗೆ ಹೊಂದಿಸಿದ ಊಟ, ಸಾಮಾನ್ಯವಾಗಿ ಎರಡರಿಂದ ಹನ್ನೊಂದು ವರ್ಷದವರಿಗೆ. ಅದು ಸಸ್ಯಾಹಾರ ಎಂದು ಯಾರೂ ಮಾತು ಕೊಟ್ಟಿರುವುದಿಲ್ಲ. ಕೋಳಿ ತುಂಡು, ಮೀನಿನ ಕಡ್ಡಿ, ಸಾಸೇಜ್, ಪಾಸ್ತಾ, ಜೊತೆಗೆ ಚಾಕೊಲೇಟ್ ಅಥವಾ ಕೇಕ್: ಸಾಮಾನ್ಯವಾಗಿ ಕಾಣುವುದು ಇಂಥವೇ. ಕೇಕ್ ಎಂದ ಮೇಲೆ ಮೊಟ್ಟೆಯ ಮಾತು ಹೇಳಬೇಕಾಗಿಯೇ ಇಲ್ಲ. ಕೆಲವು ಸಂಸ್ಥೆಗಳಲ್ಲಿ ಸಸ್ಯಾಹಾರಿ ಮಕ್ಕಳ ಊಟವೂ ಉಂಟು. ಪಟ್ಟಿಯಲ್ಲಿ ಅದನ್ನು ಬೇರೆಯಾಗಿಯೇ ಬರೆದಿದ್ದರೆ ಮಾತ್ರ ನಂಬಿ. ಫೋನಿನಲ್ಲಿ ಯಾರೋ ‘ಸಸ್ಯಾಹಾರಿ ಎಂದು ಟಿಪ್ಪಣಿ ಹಾಕಿದ್ದೇವೆ’ ಎಂದರೆ ಅದರ ಮೇಲೆ ಭಾರ ಹಾಕಬೇಡಿ.

ಬುಕಿಂಗ್‌ನಲ್ಲಿ ಹಿಂದೂ ಸಸ್ಯಾಹಾರದ ಸಂಕೇತ ಎವಿಎಂಎಲ್. ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ. ಹಾಲು ಮೊಸರು ಇರುತ್ತದೆ. ಭಾರತೀಯ ಶೈಲಿಯ ಅಡುಗೆ, ಹೌದು, ಖಾರವೂ ಇರುತ್ತದೆ. ‘ಸಸ್ಯಾಹಾರ’ ಎಂದು ಹೆಸರಿರುವ ಇನ್ನೆರಡು ಸಂಕೇತಗಳಿವೆ, ಅವುಗಳಲ್ಲಿ ಎಚ್ಚರ ಬೇಕು. ವಿಎಲ್‌ಎಂಎಲ್ ಎಂದರೆ ಹಾಲಿನ ಜೊತೆಗೆ ಮೊಟ್ಟೆಯೂ ನಡೆಯುವ ಪಾಶ್ಚಾತ್ಯ ಸಸ್ಯಾಹಾರ. ವಿಜಿಎಂಎಲ್‌ನಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ, ಅಂದರೆ ನಿಮ್ಮ ಮಗಳಿಗೆ ಬೇಕಾದ ಬೆಣ್ಣೆ ಮೊಸರೂ ಇಲ್ಲ. ಜೈನ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳು ಇರುವುದಿಲ್ಲ. ಹಣ್ಣಿನ ತಟ್ಟೆ ನೋಡಲು ಚೆಂದ, ನಾಲ್ಕು ವರ್ಷದ ಮಗುವಿಗೆ ಅದೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ.

ಖಾರದ ಬಗ್ಗೆ ಇನ್ನೊಂದು ಮಾತು. ಇಲ್ಲಿ ನಮ್ಮ ಮ್ಯೂನಿಕ್ ಹತ್ತಿರದ ಹೋಲ್ಟ್ಸ್‌ಕಿರ್ಷನ್‌ನಲ್ಲಿ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯವರು ವಿಮಾನದ ಒಡಲನ್ನೇ ಇಟ್ಟುಕೊಂಡು, ಹಾರಾಟದ ಗಾಳಿಯೊತ್ತಡದಲ್ಲಿ ಜನರಿಗೆ ಊಟ ಕೊಟ್ಟು ಪರೀಕ್ಷಿಸಿದ್ದಾರೆ. ಕಡಿಮೆ ಒತ್ತಡ ಮತ್ತು ಒಣ ಗಾಳಿಯಲ್ಲಿ ಉಪ್ಪು, ಸಿಹಿ ನಾಲಿಗೆಗೆ ಮಂದವಾಗಿ ಹತ್ತುತ್ತವೆ. ಹಾಗಾಗಿ ವಿಮಾನದ ಅಡುಗೆಗೆ ಉಪ್ಪು ಮಸಾಲೆ ಒಂದು ಹಿಡಿ ಮುಂದೆಯೇ ಬೀಳುತ್ತದೆ. ಆ ಪಲ್ಯ, ಪನೀರು ಸಾರನ್ನು ಮಗಳಿಗೆ ತಿನ್ನಿಸಲು ಹೋಗಬೇಡಿ. ತಟ್ಟೆಯಲ್ಲಿ ಅವಳದ್ದು ಯಾವುದು? ಅನ್ನ, ಮೊಸರು ಇದ್ದರೆ ಮೊಸರು, ಬನ್ನು, ಬೆಣ್ಣೆ, ಹಣ್ಣು. ಅನ್ನಕ್ಕೆ ಮೊಸರು ಕಲಸಿದರೆ ಅತ್ತೆಯವರ ಮೊಸರನ್ನ ಅಲ್ಲೇ ಸಿದ್ಧವಾಯಿತು.

ಅತ್ತೆಯವರ ಡಬ್ಬಿಯ ಬಗ್ಗೆ ನನಗೆ ತಪಾಸಣೆಗಿಂತ ದೊಡ್ಡ ಚಿಂತೆ ಹೊತ್ತಿನದು. ಮಧ್ಯಾಹ್ನ ದಾವಣಗೆರೆಯಲ್ಲಿ ಕಲಸಿದ ಅನ್ನವನ್ನು ಮರುದಿನ ಬೆಳಿಗ್ಗೆ ವಿಮಾನದಲ್ಲಿ ಮಗುವಿಗೆ ಕೊಡಬಾರದು. ಬೇಯಿಸಿದ ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅದರಲ್ಲಿ ವಾಂತಿ ಭೇದಿ ತರಿಸುವ ಸೂಕ್ಷ್ಮಜೀವಿ ಬೆಳೆಯುತ್ತದೆ, ಮತ್ತೆ ಬಿಸಿ ಮಾಡಿದರೂ ಅದು ಬಿಟ್ಟ ವಿಷ ಹೋಗುವುದಿಲ್ಲ. ಆಕಾಶದಲ್ಲಿ ಮಗುವಿಗೆ ವಾಂತಿ ಶುರುವಾದರೆ ಒಬ್ಬರೇ ಇರುವ ನಿಮಗೆ ಎಷ್ಟು ಕಷ್ಟ ಯೋಚಿಸಿ. ಆ ಮೊಸರನ್ನವನ್ನು ಹಿರಿಯೂರು, ಶಿರಾ ದಾಟುವ ಹೊತ್ತಿಗೆ ಕಾರಿನಲ್ಲೇ ತಿನ್ನಿಸಿ ಮುಗಿಸಿ. ಅತ್ತೆಯವರಿಗೂ ಸಮಾಧಾನ, ಮಗುವಿಗೂ ಒಳ್ಳೆಯದು.

ವಿಮಾನಕ್ಕೆ ಒಣ ತಿಂಡಿ ಇರಲಿ. ತೆಳ್ಳಗೆ ತುಪ್ಪ, ಬೆಲ್ಲದ ಪುಡಿ ಸವರಿ ಸುರುಳಿ ಸುತ್ತಿದ ಚಪಾತಿ. ಖಾರವಿಲ್ಲದ ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದ ಚಿಕ್ಕ ಇಡ್ಲಿ, ನಮ್ಮ ಹಿರಿಯರು ರೈಲಿಗೆ ಕಟ್ಟಿಕೊಂಡು ಹೋಗುತ್ತಿದ್ದ ಹಾಗೆ. ಅದನ್ನು ಹೊರಡುವ ಮುಂಚೆ ಮಾಡಿ, ಮೊದಲು ಖಾಲಿ ಮಾಡಿ. ಒಗ್ಗರಣೆ ಹಾಕಿದ ಮಂಡಕ್ಕಿ ನಿಮ್ಮ ದಾವಣಗೆರೆಯದೇ, ಖಾರ ಬಿಟ್ಟು ಮಾಡಿದರೆ ಮಗಳು ಒಂದೊಂದಾಗಿ ಆರಿಸಿ ತಿನ್ನುತ್ತ ಹೊತ್ತು ಕಳೆಯುತ್ತಾಳೆ. ಬಾಳೆಹಣ್ಣು. ಶೇಂಗಾ, ಇಡೀ ದ್ರಾಕ್ಷಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ಮಂಡಕ್ಕಿಯನ್ನು ಚಿಕ್ಕವನ ಕೈಗೆ ಸಿಗದ ಹಾಗೆ ಇಡಿ.

ಇನ್ನು ಮಗನಿಗೆ. ರಾಗಿ ಸರಿ ಪುಡಿಗೆ ವಿಮಾನದ ಬಿಸಿನೀರು ಹಾಕಿ ಕೊಡಬೇಡಿ. ಅದು ಒಲೆಯ ಮೇಲೆ ಕೈಯಾಡಿಸುತ್ತ ಬೇಯಬೇಕಾದ ಹಿಟ್ಟು. ಹಸಿ ಹಿಟ್ಟು ಹೊಟ್ಟೆಗೆ ಹೋದರೆ ಮಗು ಕಾಲು ಮಡಚಿ ಅಳುತ್ತದೆ. ವಿಮಾನದ ಒಳಗಿನ ಗಾಳಿಯೊತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 6,300 ಅಡಿ ಚಿಲ್ಲರೆ. ಅಷ್ಟು ಎತ್ತರದಲ್ಲಿ ನೀರು 92 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಲೋಟಕ್ಕೆ ಬರುವ ಹೊತ್ತಿಗೆ ಇನ್ನೂ ಆರಿರುತ್ತದೆ. ಅದರಿಂದ ರಾಗಿ ಬೇಯುವುದಿಲ್ಲ.

ಪುಡಿ ಹಾಲಿಗೆ ಮಾತ್ರ ಆ ನೀರು ಸಾಕು. ಪುಡಿ ಹಾಲನ್ನು ಕನಿಷ್ಠ 70 ಡಿಗ್ರಿ ಬಿಸಿ ಇರುವ ನೀರಿನಲ್ಲಿ ಕದಡಿ, ಆಮೇಲೆ ಆರಿಸಿ ಕುಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಚಿಕ್ಕ ಫ್ಲಾಸ್ಕ್ ಒಂದನ್ನು ಖಾಲಿ ತೆಗೆದುಕೊಂಡು ಹೋಗಿ, ತಪಾಸಣೆ ಮುಗಿದ ಮೇಲೆ ತಿಂಡಿ ಅಂಗಡಿಯಲ್ಲಿ ಕುದಿಯುವ ನೀರು ತುಂಬಿಸಿಕೊಳ್ಳಿ. ಗಗನಸಖಿಯರನ್ನು ಕಾಯುವ ಪ್ರಮೇಯವಿಲ್ಲ. ಹಾಲಿನ ಪುಡಿಯನ್ನು ಒಂದೊಂದು ಹೊತ್ತಿಗೆ ಬೇಕಾದಷ್ಟು ಬೇರೆ ಬೇರೆ ಒಣ ಡಬ್ಬಿಗಳಲ್ಲಿ ಅಳೆದು ಇಟ್ಟುಕೊಳ್ಳಿ. ಅಲುಗಾಡುವ ವಿಮಾನದಲ್ಲಿ ಮಗುವನ್ನು ಒಂದು ಕೈಯಲ್ಲಿ ಹಿಡಿದು ಚಮಚದಲ್ಲಿ ಅಳೆಯಲು ಆಗುವುದಿಲ್ಲ. ಮತ್ತೆ, ಬಿಸಿನೀರಿನ ಲೋಟವನ್ನು ಯಾರಾದರೂ ಕೊಡುವಾಗ ಮಕ್ಕಳ ತಲೆಯ ಮೇಲಿಂದ ಹಾಯಿಸದ ಹಾಗೆ ನೋಡಿಕೊಳ್ಳಿ. ಊಟಕ್ಕಿಂತ ಇದು ದೊಡ್ಡ ವಿಷಯ.

ಒಂದು ಹಾಲೂಡಿಸುವಿಕೆಯನ್ನು ಕೊನೆಗೆ ಉಳಿಸಿಕೊಳ್ಳಿ. ವಿಮಾನ ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಕೆಳಗಿಳಿಯಲು ಶುರುಮಾಡುತ್ತದೆ, ಆಗಲೇ ಮಕ್ಕಳಿಗೆ ಕಿವಿ ನೋಯುವುದು. ಚೀಪುತ್ತ ನುಂಗುತ್ತ ಇದ್ದರೆ ನೋವು ಕಡಿಮೆ. ಮಗನಿಗೆ ಎದೆಹಾಲು, ಮಗಳಿಗೆ ನೀರು ಗುಟುಕಿಸಲು ಕೊಳವೆ ಇರುವ ಬಾಟಲಿ.

ಉತ್ತರ: ವಿಮಾನದ ಅಡುಗೆಮನೆಯಲ್ಲಿ ಕೆಲಸ ಮಾಡುವವ, ದೇವನಹಳ್ಳಿ

ಮೇಲಿನ ಅಕ್ಕನವರು ಹೇಳಿದ್ದು ಸರಿಯಾಗಿದೆ. ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂದು ನಾನು ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಅದು ಗೊತ್ತಿದ್ದರೆ ಯಾವಾಗ ಏನು ಕೇಳಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ವಿಮಾನದಲ್ಲಿ ಅಡುಗೆ ಮಾಡುವುದಿಲ್ಲ. ನೆಲದ ಮೇಲೆ ಬೇಯಿಸಿ, ಕೂಡಲೇ ಶೀತಲಯಂತ್ರದಲ್ಲಿ ತಣಿಸಿ, 5 ಡಿಗ್ರಿಗಿಂತ ಕೆಳಗೆ ಇಟ್ಟು, ಗಾಡಿಗೆ ತುಂಬಿ ಕಳುಹಿಸುತ್ತೇವೆ. ಮೇಲೆ ಒಲೆಯಂಥ ಪೆಟ್ಟಿಗೆಯಲ್ಲಿ ಬಿಸಿ ಮಾಡಿ ಕೊಡುತ್ತಾರೆ ಅಷ್ಟೆ. ವಿಶೇಷ ಊಟಗಳ ಮೇಲೆ ಸಂಕೇತ ಮತ್ತು ಸೀಟಿನ ಸಂಖ್ಯೆ ಬರೆದ ಚೀಟಿ ಅಂಟಿಸಿರುತ್ತದೆ, ಬೇಕಾದಷ್ಟೇ ಮಾಡಿರುತ್ತಾರೆ. ವಿಮಾನ ಹತ್ತಿದ ಮೇಲೆ ‘ನನಗೂ ಒಂದು ಸಸ್ಯಾಹಾರ’ ಎಂದರೆ ಮೇಲೆ ಇರುವವರು ಎಲ್ಲಿಂದ ತರುತ್ತಾರೆ?

ಅದಕ್ಕೇ ಗಡುವು. ಹೆಚ್ಚಿನ ಸಂಸ್ಥೆಗಳು ಹೊರಡುವುದಕ್ಕೆ 24 ಗಂಟೆ ಮೊದಲು ತಿಳಿಸಿ ಎನ್ನುತ್ತವೆ, ಕೆಲವು ಊಟಗಳಿಗೆ 48 ಗಂಟೆ. ನೀವು ಇವತ್ತೇ ಹಾಕಿಬಿಡಿ. ಟಿಕೆಟನ್ನು ಏಜೆಂಟರ ಮೂಲಕ ಕೊಂಡಿದ್ದರೆ ಅವರಿಗೆ ಹೇಳಿ, ಆದರೆ ಹೇಳಿದ್ದಷ್ಟಕ್ಕೇ ನಿಲ್ಲಿಸಬೇಡಿ. ಬುಕಿಂಗ್ ದಾಖಲೆಯಲ್ಲಿ ಪ್ರತಿ ಕೋರಿಕೆಯ ಮುಂದೆ ಎರಡಕ್ಷರದ ಸ್ಥಿತಿ ಇರುತ್ತದೆ. ಎಚ್‌ಕೆ ಎಂದಿದ್ದರೆ ಖಚಿತವಾಗಿದೆ. ಎನ್‌ಎನ್ ಎಂದರೆ ಕೇಳಿದ್ದೇವೆ, ಉತ್ತರ ಬಂದಿಲ್ಲ. ಯುಎನ್ ಎಂದರೆ ಆಗುವುದಿಲ್ಲ. ಏಜೆಂಟರು ‘ಹಾಕಿದ್ದೇನೆ ಮೇಡಂ’ ಎಂದರೆ ಎಚ್‌ಕೆ ಬಂದಿದೆಯೇ ಎಂದು ಕೇಳಿ.

ಖಚಿತವಾದ ಊಟ ಕಾಣೆಯಾಗುವುದು ಎರಡು ಸಂದರ್ಭಗಳಲ್ಲಿ. ಒಂದು, ಸಂಸ್ಥೆಯು ವಿಮಾನದ ಸಮಯ ಬದಲಿಸಿದಾಗ ಅಥವಾ ನಿಮ್ಮನ್ನು ಬೇರೆ ವಿಮಾನಕ್ಕೆ ಹಾಕಿದಾಗ. ಹೊಸ ವಿಮಾನಕ್ಕೆ ಹಳೆಯ ಕೋರಿಕೆ ತಾನಾಗಿ ಬರುತ್ತದೆ ಎಂದು ನಂಬಿ ಕೂರಬೇಡಿ. ಸಮಯ ಬದಲಾವಣೆಯ ಸಂದೇಶ ಬಂದ ದಿನವೇ ಮತ್ತೆ ನೋಡಿ. ಇನ್ನೊಂದು, ಒಂದು ಸಂಸ್ಥೆಯ ಟಿಕೆಟ್ ಕೊಂಡು ಹಾರುವುದು ಬೇರೆ ಸಂಸ್ಥೆಯ ವಿಮಾನದಲ್ಲಾದರೆ. ಊಟ ತುಂಬಿಸುವವರು ಹಾರಿಸುವವರು, ಅವರ ದಾಖಲೆಯಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ವಿಮಾನದೊಳಗೆ ಯಾರಾದರೂ ಕೇಳಿಕೊಂಡರು ಎಂದು ಸೀಟು ಬದಲಿಸಿದರೆ ಗಗನಸಖಿಗೆ ತಿಳಿಸಿ, ಚೀಟಿ ಹಳೆಯ ಸೀಟಿನದ್ದೇ ಇರುತ್ತದೆ.

ಮಡಿಲ ಮಗುವಿಗೆ ತಟ್ಟೆ ಊಟ ಬರುವುದಿಲ್ಲ. ಶಿಶು ಆಹಾರ, ಅಂದರೆ ಬಿಬಿಎಂಎಲ್, ಕೇಳಿದರೆ ಹಣ್ಣು ಅಥವಾ ತರಕಾರಿ ಅರೆದ ಸೀಸೆಗಳು ಬರುತ್ತವೆ. ಅದನ್ನು ನಿಮ್ಮ ಹೆಸರಿನ ಜೊತೆಗೆ ಹಾಕಿಸಬೇಕು. ಸೀಸೆಗಳಲ್ಲಿ ಕೋಳಿ ಬೆರೆಸಿದವೂ ಇರುತ್ತವೆ, ಮುಚ್ಚಳ ತೆಗೆಯುವ ಮೊದಲು ಚೀಟಿ ಓದಿ.

ಮನೆಯಿಂದ ತಂದದ್ದನ್ನು ಬಿಸಿ ಮಾಡಿಕೊಡಿ ಎಂದು ಕೇಳಿದರೆ ಬಹುತೇಕ ಕಡೆ ಒಪ್ಪುವುದಿಲ್ಲ. ಅವರ ಮನಸ್ಸು ಕೆಟ್ಟದ್ದಲ್ಲ. ಆ ಊಟ ಯಾವಾಗ ಮಾಡಿದ್ದು, ಹೇಗೆ ಇಟ್ಟದ್ದು ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಹೊಣೆ ಹೊರುವಂತಿಲ್ಲ. ಬಿಸಿನೀರು ತುಂಬಿದ ಜಗ್‌ನಲ್ಲಿ ಹಾಲಿನ ಬಾಟಲಿ ಇಟ್ಟು ಬೆಚ್ಚಗೆ ಮಾಡಿಕೊಡಿ ಎಂದರೆ ಸಂತೋಷವಾಗಿ ಕೊಡುತ್ತಾರೆ.

ವಿಶೇಷ ಊಟ ಎಲ್ಲರಿಗಿಂತ ಮೊದಲು ಬರುತ್ತದೆ. ನಿಮ್ಮ ವಿಮಾನದಲ್ಲಿ ಹಾರಿದ ಸ್ವಲ್ಪ ಹೊತ್ತಿಗೆ, ಅಂದರೆ ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ ಮೊದಲ ಊಟ. ಇಬ್ಬರೂ ಆಗ ಗಾಢ ನಿದ್ದೆಯಲ್ಲಿರುತ್ತಾರೆ. ಎಬ್ಬಿಸಬೇಡಿ. ‘ಮಗು ಎದ್ದ ಮೇಲೆ ಕೊಡಿ’ ಎಂದು ಕೇಳಬಹುದು, ಆದರೆ ಬಿಸಿ ಮಾಡಿದ ಊಟವನ್ನು ಅವರು ಬಹಳ ಹೊತ್ತು ಇಟ್ಟುಕೊಳ್ಳುವಂತಿಲ್ಲ. ತಟ್ಟೆಯಿಂದ ಬನ್ನು, ಬೆಣ್ಣೆ, ಹಣ್ಣನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಕಳುಹಿಸಿ. ಇಳಿಯುವುದಕ್ಕೆ ಸುಮಾರು ಎರಡು ಗಂಟೆ ಮೊದಲು ಎರಡನೆಯದು ಬರುತ್ತದೆ. ಮಕ್ಕಳು ತಿನ್ನುವುದು ಅದನ್ನೇ.

ಉತ್ತರ: ದುಬೈನ ಅಪ್ಪ

ನಾವು ಊರಿಗೆ ಹೋಗುವುದು ನಾಲ್ಕು ಗಂಟೆಯ ಹಾರಾಟ. ಚಪಾತಿ ಸುರುಳಿ, ಬಾಳೆಹಣ್ಣು, ನೀರು. ಅಷ್ಟರಲ್ಲಿ ಮುಗಿಯುತ್ತದೆ. ಆದರೆ ನಮ್ಮ ಮಗನಿಗೆ ಶೇಂಗಾ ಆಗುವುದಿಲ್ಲ, ಆ ವಿಷಯದಲ್ಲಿ ಒಂದು ಮಾತು. ವಿಮಾನದಲ್ಲಿ ಶೇಂಗಾ, ಗೋಡಂಬಿ ಇಲ್ಲವೇ ಇಲ್ಲ ಎಂಬ ಖಾತರಿಯನ್ನು ವಿಮಾನ ಸಂಸ್ಥೆಗಳು ಕೊಡುವುದಿಲ್ಲ, ಪಕ್ಕದವರು ತಮ್ಮ ಚೀಲದಿಂದ ತೆಗೆದು ತಿನ್ನಬಹುದು. ಅಲರ್ಜಿ ಇರುವ ಮಗುವಾದರೆ ತಟ್ಟೆಯ ಊಟವನ್ನು ಪೂರ್ತಿ ಬಿಟ್ಟು ಮನೆಯದನ್ನೇ ಕೊಡಿ. ವೈದ್ಯರು ಬರೆದುಕೊಟ್ಟ ಔಷಧ ಮತ್ತು ಚೀಟಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ.

ದಾವಣಗೆರೆಯ ತಾಯಿ

ಅಕ್ಕ, ಅಣ್ಣ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಹೇಗೆ ಧನ್ಯವಾದ ಹೇಳಲಿ. ಅತ್ತೆಯವರಿಗೆ ಓದಿ ಹೇಳಿದೆ. ಮೊಸರನ್ನ ಶಿರಾದವರೆಗೆ ಮಾತ್ರ ಎಂದು ಒಪ್ಪಿಕೊಂಡರು.

ಇನ್ನೂ ಮೂರು ಸಂಶಯ ಉಳಿದಿವೆ. ರಾಗಿ ಸರಿ ಆಗದಿದ್ದರೆ ಮಗನಿಗೆ ಏನು ಕೊಡಲಿ? ಸೀಸೆಯ ಆಹಾರವನ್ನು ಅವನು ಈವರೆಗೆ ಮುಟ್ಟಿಲ್ಲ. ಎರಡನೆಯದು, ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ತಪಾಸಣೆ ಇದೆಯೇ? ಮೂರನೆಯದು, ತೊಟ್ಟಿಲು ಇರುವ ಮುಂದಿನ ಸೀಟು ಕೊಟ್ಟಿದ್ದಾರೆ. ಅಲ್ಲಿ ಊಟದ ತಟ್ಟೆ ಎಲ್ಲಿ ಇಡುವುದು?

ಉತ್ತರ: ಮಂಡ್ಯದ ಅಜ್ಜಿ

ಮಗಳೇ, ರಾಗಿ ಹುರಿಹಿಟ್ಟು ಇರುವಾಗ ಚಿಂತೆ ಯಾಕೆ? ಸರಿ ಹಿಟ್ಟು ಬೇಯಬೇಕು, ಹುರಿಹಿಟ್ಟು ಹುರಿಯುವಾಗಲೇ ಬೆಂದಿರುತ್ತದೆ. ಬೆಚ್ಚಗಿನ ನೀರಿದ್ದರೆ ಸಾಕು. ಹೊಲಕ್ಕೆ ಹೋಗುವವರು ಗಂಟು ಕಟ್ಟಿಕೊಂಡು ಹೋಗುತ್ತಿದ್ದ ತಿಂಡಿ ಅದು, ಒಲೆ ಬೇಡ ಎಂಬುದೇ ಅದರ ಗುಣ. ನಾನು ಅಮೆರಿಕದ ಮೊಮ್ಮಗನಿಗೆ ಇದನ್ನೇ ಮಾಡಿ ಒಯ್ದವಳು.

ಒಳ್ಳೆಯ ರಾಗಿಯನ್ನು ಕಲ್ಲು ಹೊಟ್ಟು ಇಲ್ಲದ ಹಾಗೆ ಆರಿಸಿ, ತೊಳೆದು, ನೀರು ಬಸಿದು, ತೇವ ಆರದ ಹಾಗೆ ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ಇಡಿ. ಬೆಳಿಗ್ಗೆ ನೆರಳಿನಲ್ಲಿ ಹರಡಿ, ಕೈಗೆ ಅಂಟದಷ್ಟು ಆರಿಸಿ. ದಪ್ಪ ತಳದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಆಡಿಸುತ್ತ ಇರಿ. ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗೆ ಅರಳುತ್ತದೆ. ಒಮ್ಮೆಗೇ ಹೆಚ್ಚು ಹಾಕಿದರೆ ಅರಳುವುದಿಲ್ಲ, ಸೀಯುತ್ತದೆ. ಆರಿದ ಮೇಲೆ ನುಣ್ಣಗೆ ಬೀಸಿ, ಹಾಲಿನ ಪುಡಿಯಷ್ಟು ನಯವಾಗುವವರೆಗೆ ಜರಡಿ ಹಿಡಿಯಿರಿ. ಮಗುವಿಗಾದರೆ ಜರಡಿ ಬಿಡಲೇಬಾರದು, ತರಿ ಗಂಟಲಿಗೆ ಹತ್ತುತ್ತದೆ.

ದೊಡ್ಡವಳಿಗೆ ಇದರಲ್ಲಿ ಹುರಿಗಡಲೆ ಪುಡಿ, ಬೆಲ್ಲ, ಏಲಕ್ಕಿ ಬೆರೆಸಿ ಬೇರೆ ಡಬ್ಬಿ ಮಾಡಿ. ಚಿಕ್ಕವನ ಡಬ್ಬಿಗೆ ಏನೂ ಬೆರೆಸಬೇಡಿ. ಅವನಿಗೆ ಇನ್ನೂ ವರ್ಷ ತುಂಬಿಲ್ಲ, ಉಪ್ಪು ಸಕ್ಕರೆ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ. ಎರಡು ಚಮಚ ಹಿಟ್ಟಿಗೆ ಬೆಚ್ಚಗಿನ ನೀರು, ಕಿವುಚಿದ ಬಾಳೆಹಣ್ಣು. ಸಿಹಿ ಅದರಲ್ಲೇ ಇದೆ. ಈಗಿನಿಂದಲೇ ಮನೆಯಲ್ಲಿ ದಿನಕ್ಕೊಮ್ಮೆ ಕೊಟ್ಟು ಅಭ್ಯಾಸ ಮಾಡಿಸಿ. ಮಗುವಿಗೆ ಹೊಸ ರುಚಿ ಹೊಸ ಜಾಗ ಎರಡೂ ಒಟ್ಟಿಗೆ ಬರಬಾರದು.

ತಾಯಿ ಊಟ ಮಾಡಿದಳೇ ಎಂದು ಇಲ್ಲಿ ಯಾರೂ ಕೇಳಲಿಲ್ಲ. ಹಾಲುಣಿಸುವವಳು ನೀನು. ಚಪಾತಿ ಸುತ್ತುವಾಗ ನಿನಗೂ ನಾಲ್ಕು ಸುತ್ತಿಕೊ. ಬಾಟಲಿ ತುಂಬ ನೀರು ಕುಡಿಯುತ್ತ ಇರು, ಆ ಗಾಳಿ ಬಹಳ ಒಣ.

ಉತ್ತರ: ಮ್ಯೂನಿಕ್‌ನಲ್ಲಿರುವ ಸಾಗರದವಳು

ಅಜ್ಜಿ ಹೇಳಿದ ಮೇಲೆ ಆಹಾರದ ಮಾತು ಮುಗಿಯಿತು. ನಾನು ತಪಾಸಣೆ ಮತ್ತು ಸೀಟಿನದು ಹೇಳುತ್ತೇನೆ.

ಫ್ರಾಂಕ್‌ಫರ್ಟ್‌ನಲ್ಲಿ ಭಾರತದಿಂದ ಬಂದು ಮುಂದಿನ ವಿಮಾನ ಹಿಡಿಯುವವರಿಗೆ ಮತ್ತೆ ತಪಾಸಣೆ ಇದೆ. ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ಒಳಗೆ ಹೋದ ಮೇಲೆ ಕೊಂಡ ನೀರಿನ ಬಾಟಲಿಯನ್ನು ಇಲ್ಲಿ ಬಿಡಬೇಕಾಗಿ ಬರಬಹುದು. 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ 100 ಮಿಲಿಲೀಟರ್ ನಿಯಮ ಎಲ್ಲೆಡೆ ಹರಡಿತು. ಮೊಸರು, ತುಪ್ಪ, ಚಟ್ನಿ, ಉಪ್ಪಿನಕಾಯಿ ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತವೆ. ಮಗುವಿನ ಹಾಲು ಮತ್ತು ಆಹಾರಕ್ಕೆ ಮಾತ್ರ ವಿನಾಯಿತಿ, ಪ್ರಯಾಣಕ್ಕೆ ಬೇಕಾದಷ್ಟು. ತಮ್ಮನಿಗೆ ಇದನ್ನು ಹೇಳಿ. ಆದರೆ ಮಗು ಜೊತೆಯಲ್ಲಿರಬೇಕು, ಆ ಚೀಲವನ್ನು ನೀವೇ ಮೊದಲು ತೆಗೆದು ‘ಇದು ಮಗುವಿನ ಆಹಾರ’ ಎಂದು ಟ್ರೇಯಲ್ಲಿ ಬೇರೆಯಾಗಿ ಇಡಬೇಕು. ಯಂತ್ರದೊಳಗೆ ಹೋದ ಮೇಲೆ ಸಿಕ್ಕಿಬಿದ್ದರೆ ಚೀಲ ಬಿಚ್ಚಿ ಹುಡುಕುವ ಹೊತ್ತಿಗೆ ಎರಡು ಮಕ್ಕಳೂ ಅಳುತ್ತಿರುತ್ತಾರೆ. ಹುರಿಹಿಟ್ಟಿನ ಡಬ್ಬಿಯ ಮೇಲೆ ಚೀಟಿ ಅಂಟಿಸಿ, ‘ಬೇಬಿ ಫುಡ್, ರಾಗಿ’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ.

ಅಮೆರಿಕಕ್ಕೆ ಹೋಗುವವರು ಇದನ್ನು ಓದುತ್ತಿದ್ದರೆ: 2018ರಿಂದ ಅಲ್ಲಿಗೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್ ಅಳತೆಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚುವರಿ ತಪಾಸಣೆ ಆಗಬಹುದು. ಶಿಶುಗಳ ಹಾಲಿನ ಪುಡಿಗೆ ವಿನಾಯಿತಿ. ಹಿಟ್ಟನ್ನು ಸ್ವಲ್ಪವೇ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ದೊಡ್ಡ ಪೆಟ್ಟಿಗೆಗೆ ಹಾಕಿ.

ಇನ್ನು ಸುಂಕದವರು. ಯುರೋಪ್ ಒಕ್ಕೂಟದೊಳಗೆ ಹೊರಗಿನಿಂದ ಹಾಲು, ಮೊಸರು, ಪನೀರು, ಮಾಂಸ ತರುವಂತಿಲ್ಲ. ಶಿಶುಗಳ ಹಾಲಿನ ಪುಡಿ, ಶಿಶು ಆಹಾರ ತಲಾ 2 ಕಿಲೋವರೆಗೆ ತರಬಹುದು. ಅದು ಕಂಪನಿಯ ಪೊಟ್ಟಣದಲ್ಲಿರಬೇಕು, ತೆರೆಯುವವರೆಗೆ ಫ್ರಿಜ್ ಬೇಡದ್ದಾಗಿರಬೇಕು. ಬಳಕೆಯಲ್ಲಿರುವ ಡಬ್ಬಿ ತೆರೆದಿದ್ದರೆ ತೊಂದರೆಯಿಲ್ಲ. ತಾಜಾ ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, 2019ರ ಡಿಸೆಂಬರ್‌ನಿಂದ ಬಂದ ನಿಯಮ ಅದು. ಆದರೆ ಐದು ಹಣ್ಣುಗಳಿಗೆ ಬೇಡ: ಅನಾನಸ್, ತೆಂಗಿನಕಾಯಿ, ಡುರಿಯನ್, ಖರ್ಜೂರ, ಮತ್ತು ನಿಮ್ಮ ಬಾಳೆಹಣ್ಣು. ಉಳಿದರೆ ಧೈರ್ಯವಾಗಿ ಹ್ಯಾಂಬರ್ಗ್‌ವರೆಗೂ ತನ್ನಿ. ಸೇಬು ದಾಳಿಂಬೆ ಆದರೆ ವಿಮಾನದಲ್ಲೇ ಮುಗಿಸಿ. ಅಡುಗೆಗೆಂದು ಒಣ ಕೊಬ್ಬರಿ ಗಿಟುಕು ತುಂಬುವ ಯೋಚನೆ ಅತ್ತೆಯವರಿಗೆ ಇದ್ದರೆ ಬೇಡ ಎನ್ನಿ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಕಾವೇರಿ ಬೆಂಕಿ ಹತ್ತಬಹುದಾದ ವಸ್ತುಗಳ ಸಾಲಿನಲ್ಲಿ ಅದು ಸೇರಿದೆ, ಪೆಟ್ಟಿಗೆ ತೆರೆಸುತ್ತಾರೆ.

ತೊಟ್ಟಿಲ ಸೀಟಿನಲ್ಲಿ ಎದುರಿಗೆ ಗೋಡೆ ಇರುವುದರಿಂದ ಊಟದ ಹಲಗೆ ಕೈಯಾಸರೆಯೊಳಗಿಂದ ಮಡಚಿ ಬರುತ್ತದೆ. ಮಗ ಮಡಿಲಲ್ಲಿದ್ದಾಗ ಆ ಹಲಗೆ ತೆರೆಯಲು ಜಾಗವಿರುವುದಿಲ್ಲ. ಮಗನನ್ನು ತೊಟ್ಟಿಲಲ್ಲಿ ಮಲಗಿಸಿದಾಗ ನೀವು ಉಣ್ಣಿ. ಅವನು ಎದ್ದಿದ್ದರೆ ನಿಮ್ಮ ತಟ್ಟೆಯನ್ನು ಮಗಳ ಹಲಗೆಯ ಮೇಲೆ ಇಡಿಸಿ, ಅವಳದ್ದನ್ನು ಆಮೇಲೆ ತರಲು ಹೇಳಿ. ವಿಮಾನ ಕುಲುಕಿ ಬೆಲ್ಟಿನ ದೀಪ ಹತ್ತಿದರೆ ಮಗುವನ್ನು ತೊಟ್ಟಿಲಿಂದ ಎತ್ತಿಕೊಳ್ಳಲೇಬೇಕು. ತೊಟ್ಟಿಲಿಗೆ ತೂಕದ ಮಿತಿ ಇದೆ, ಸಾಮಾನ್ಯವಾಗಿ ಹತ್ತು ಹನ್ನೊಂದು ಕಿಲೋ. ಮಗನ ತೂಕ ನೋಡಿಕೊಂಡು ಸಂಸ್ಥೆಯನ್ನು ಕೇಳಿ. ಎದುರಿನ ಸೀಟು ಇಲ್ಲದ್ದರಿಂದ ಹಾರುವಾಗ ಇಳಿಯುವಾಗ ಚೀಲ ಮೇಲಿನ ಗೂಡಿಗೆ ಹೋಗುತ್ತದೆ. ಇಳಿಯುವಾಗ ಬೇಕಾದ ಹಾಲು ನೀರನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ಫ್ರಾಂಕ್‌ಫರ್ಟ್‌ನಿಂದ ಹ್ಯಾಂಬರ್ಗ್ ಒಂದು ಗಂಟೆ ಚಿಲ್ಲರೆ. ಅದರಲ್ಲಿ ಊಟ ಕೊಡುವುದಿಲ್ಲ. ಕೊನೆಯ ಎರಡು ಚಪಾತಿ ಸುರುಳಿಯನ್ನು ಪಾಸ್‌ಪೋರ್ಟ್ ಸಾಲಿಗೆ ಉಳಿಸಿಕೊಳ್ಳಿ, ಮಕ್ಕಳ ಹಸಿವು ಕೆರಳುವುದು ಅಲ್ಲಿ ನಿಂತಾಗಲೇ.

ದಾವಣಗೆರೆಯ ತಾಯಿ

ಇವತ್ತು ಏಜೆಂಟರಿಗೆ ಫೋನ್ ಮಾಡಿದೆ. ನನಗೆ, ಮಗಳಿಗೆ ಎವಿಎಂಎಲ್ ಎಚ್‌ಕೆ ಬಂದಿದೆ. ಶಿಶು ಆಹಾರ ಇನ್ನೂ ಎನ್‌ಎನ್. ರಾಗಿ ನೆನೆದಿದೆ, ನಾಳೆ ಅರಳಿಸುತ್ತೇವೆ ಅಜ್ಜಿ. ಅಣ್ಣ, ಒಂದೇ ಒಂದು ಪ್ರಶ್ನೆ. ಬೇಸಿಗೆಯಲ್ಲಿ ವಾಪಸ್ ಬರುವ ಟಿಕೆಟ್ ಕೂಡ ಇದರಲ್ಲೇ ಇದೆ. ಅದಕ್ಕೂ ಈಗಲೇ ಊಟ ಸೇರಿದೆಯೇ?

ಉತ್ತರ: ವಿಮಾನದ ಅಡುಗೆಮನೆಯಲ್ಲಿ ಕೆಲಸ ಮಾಡುವವ, ದೇವನಹಳ್ಳಿ

ಪ್ರತಿ ಹಾರಾಟಕ್ಕೂ ಬೇರೆ ಬೇರೆಯಾಗಿ ಕೋರಿಕೆ ಇರಬೇಕಮ್ಮ. ಹೋಗುವುದಕ್ಕೆ ಹಾಕಿದ್ದು ಬರುವುದಕ್ಕೂ ಆಗಿದೆ ಎಂದು ತಿಳಿಯಬೇಡಿ, ಏಜೆಂಟರ ಬಳಿ ಆ ದಿನಾಂಕದ ಸಾಲನ್ನು ಓದಿಸಿ ಕೇಳಿ. ವಾಪಸ್ ವಿಮಾನಕ್ಕೆ ಊಟ ಸಾಮಾನ್ಯವಾಗಿ ಜರ್ಮನಿಯ ಅಡುಗೆಮನೆಯಿಂದ ಬರುತ್ತದೆ, ಖಾರ ಕಡಿಮೆ ಇರಬಹುದು, ಅನ್ನ ನಮ್ಮ ಹದದಲ್ಲಿ ಇರಲಾರದು. ಅಷ್ಟು ಹೊತ್ತಿಗೆ ಮಗನಿಗೆ ವರ್ಷ ತುಂಬಿರುತ್ತದೆ, ಆದರೆ ಎರಡು ತುಂಬುವವರೆಗೆ ಅವನು ಮಡಿಲ ಮಗುವೇ, ಆಗಲೂ ಬಿಬಿಎಂಎಲ್ ಅನ್ನೇ ಕೇಳಬೇಕು. ಈಗಿನ ಎನ್‌ಎನ್ ಎರಡು ದಿನದಲ್ಲಿ ಬದಲಾಗದಿದ್ದರೆ ಏಜೆಂಟರನ್ನು ಬಿಟ್ಟು ನೇರವಾಗಿ ವಿಮಾನ ಸಂಸ್ಥೆಗೆ ಫೋನ್ ಮಾಡಿ.